ಹಾನಾ ಅಜ್ಜಿಯ ಜೊತೆ ಒಂದು ಡಾನ್ಸ್

ಯುದ್ಧ ಮುಗಿದು, ಎಣ್ಣೆಬಾವಿಗಳ ಬೆಂಕಿ ಆರಿ, ಬಿಟ್ಟು ಓಡಿದವರು ಒಬ್ಬೊಬ್ಬರೇ ಕುವೈತಿಗೆ ಮರಳುತ್ತಿದ್ದ ತೊಂಬತ್ತೊಂದರ ನವೆಂಬರ್. ಅಲ್ಲಿನ ಫರ್ವಾನಿಯಾ ಬಡಾವಣೆಯಲ್ಲಿ ಸಂಜೆಗೇ ಮಳೆ ಹಿಡಿಯಿತು, ಕರೆಂಟೂ ಹೋಯಿತು. ಕೆಳಗೆ ರಸ್ತೆಯಲ್ಲಿ ನಿಂತ ನೀರು ಕಂಡು ನ್ಯಾನ್ಸಿ ಮನೆಗೆ ಹೋಗುವ ಆಸೆ ಬಿಟ್ಟಳು. ಐವಿ ಆಂಟಿಯ ಮನೆಯ ಹಾಲ್‌ನಲ್ಲಿ ಹೀಗೆ ಸಿಕ್ಕಿಬಿದ್ದವರ ಮುಂದೆ ಎಣ್ಣೆಯಲ್ಲಿ ಕರಿದ ಬಿಸಿ ಪೋಡಿಯ ತಟ್ಟೆ ಬಂತು. ದೆವ್ವದ ಕತೆ ಹೇಳಿ ಎಂದು ಆಂಟಿಯನ್ನು ಕೆಣಕಿದವಳು ನ್ಯಾನ್ಸಿಯೇ. ಆಂಟಿಯ ಗಂಡ ಡೋಲ್ಫಿ ಅಂಕಲ್ ಮೂಲೆಯಲ್ಲಿ ಮುಗುಳ್ನಕ್ಕರು. ಆಂಟಿ ಶುರು ಮಾಡಿದರು.

“ದೆವ್ವ ಅಂದ್ರೆ ಹೆದರಿಸ್ಲಿಕ್ಕೇ ಬರುದು ಅಂತ ಯಾರು ಹೇಳಿದ್ದು ನಿಮ್ಗೆ? ಕೇಳಿ... ಕಳೆದ ವರ್ಷ ಇರಾಕಿನವ್ರು ನುಗ್ಗಿದಾಗ ನಾವು ಇಲ್ಲೇ ಕುವೈತ್ ಪೇಟೆಯ ಬ್ನೇದ್ ಅಲ್ ಗಾರಲ್ಲಿದ್ದದ್ದು. ಅಮೆರಿಕದವ್ರು ಸಿಕ್ಕಿದ್ರೆ ಹಿಡ್ಕೊಂಡು ಹೋಗ್ತಿದ್ರು. ಮೇಲಿನ ಫ್ಲ್ಯಾಟಿನ ರೂತ್, ಅಮೆರಿಕದ ನರ್ಸ್, ನಮ್ಮ ಒಳಕೋಣೆಯಲ್ಲಿ ಅಡಗಿದ್ಳು. ಹೊತ್ತು ಹೋಗ್ಬೇಕಲ್ಲ, ಅವಳ ಮುತ್ತಜ್ಜಿ ಹಾನಾಳ ಹಳೇ ಫೋಟೊ ಹಿಡ್ಕೊಂಡು ಅವಳದ್ದೇ ಕತೆ ಹೇಳುದು. ಮಾರ್ಮನ್ ಅಂತ ಒಂದು ಕ್ರಿಶ್ಚನ್ ಪಂಗಡದವ್ರು ಅವರು. ನಂಬಿಕೆಗೋಸ್ಕರ ಇಂಗ್ಲೆಂಡ್ ಬಿಟ್ಟು, ಹಡಗಲ್ಲಿ ಅಮೆರಿಕಕ್ಕೆ ಬಂದು, ಸಾಮಾನೆಲ್ಲ ಕೈಗಾಡಿಗೆ ಹಾಕಿ, ಎತ್ತಿಲ್ಲ ಕುದುರೆ ಇಲ್ಲ, ತಾವೇ ಎಳ್ಕೊಂಡು ಯೂಟಾಕ್ಕೆ ಹೊರಟವ್ರು. ದಾರಿಯಲ್ಲಿ ಹಿಮ ಬಿತ್ತು. ಹಾನಾ ಅಪ್ಪನನ್ನು ಅಲ್ಲೇ ಮಣ್ಣು ಮಾಡಿದ್ಳು, ಸಣ್ಣ ಹುಡುಗಿ ಆಗ. ಸೋತು ಕೂತವ್ರು ಮತ್ತೆ ಏಳುದಿಲ್ಲ ಅಂತ ಅವಳಿಗೆ ಗೊತ್ತಾಯ್ತು. ಸಂಜೆಯಾದ್ರೆ ಒಬ್ಬೊಬ್ಬರನ್ನೇ ಕೈ ಹಿಡಿದು ಎಬ್ಬಿಸಿ ಕುಣಿಸ್ತಿದ್ಳಂತೆ. ಯೂಟಾದಲ್ಲಿ ಹೊಲ ಮಾಡಿ, ಮನೆ ತುಂಬ ಮಕ್ಕಳನ್ನು ಹೆತ್ತು, ಮುದುಕಿಯಾಗಿ ಸಾಯುವವರೆಗೂ ಕುಣಿತ ಬಿಡ್ಲಿಲ್ಲ...

ಡಿಸೆಂಬರಲ್ಲಿ ಇರಾಕಿನವ್ರು ಅಮೆರಿಕದವ್ರನ್ನೆಲ್ಲ ಹೋಗ್ಲಿಕ್ಕೆ ಬಿಟ್ರು, ರೂತ್ ಊರಿಗೆ ಮುಟ್ಟಿದ್ಳು. ನಾವು ಸೆಪ್ಟೆಂಬರಲ್ಲೇ ಹೊರಟದ್ದು. ಬಸ್ಸಿನವ ಜೋರ್ಡಾನ್ ಗಡಿ ಹತ್ರ ಮರುಭೂಮಿಯಲ್ಲಿ ಇಳಿಸಿ ಖಲಾಸ್ ಅಂದ. ಮುಂದೆ ನಡೀಬೇಕು. ಬಿಸಿಲು ಅಂದ್ರೆ... ಬಾಟ್ಲಿಯಲ್ಲಿ ನೀರಿಲ್ಲ. ಡೋಲ್ಫಿ ಮರಳಲ್ಲಿ ಕೂತೇಬಿಟ್ರು. ‘ನೀನು ಹೋಗು ಐವಿ, ನನ್ನಿಂದ ಆಗುದಿಲ್ಲ.’ ಎಳ್ದೆ, ಬೈದೆ, ಅತ್ತೆ. ಗಂಡನನ್ನು ಬಿಟ್ಟು ಹೋಗ್ಲಿಕ್ಕಾಗ್ತದಾ, ನೀವೇ ಹೇಳಿ?

ಆಗ ಜನರ ನಡುವಿಂದ ಒಬ್ಳು ಮುದುಕಿ ಬಂದ್ಳು. ಉದ್ದ ಲಂಗ, ತಲೆಗೆ ಬಟ್ಟೆಯ ಟೊಪ್ಪಿ... ಫೋಟೊದ ಅದೇ ಮುಖ. ಡೋಲ್ಫಿಯ ಎದುರು ನಿಂತು ಕೈ ಚಾಚಿದ್ಳು. ನಮ್ಮ ಕ್ರಿಶ್ಚನ್ರ ಮದುವೆಯಲ್ಲಿ ಹೆಂಗಸು ಡಾನ್ಸಿಗೆ ಕೈ ಚಾಚಿದ್ರೆ ಗಂಡಸು ಕೂತಿರ್ಲಿಕ್ಕುಂಟಾ? ಸಾಯ್ಲಿಕ್ಕೆ ಕೂತ ಮನುಷ್ಯ ಎದ್ದು, ಶರ್ಟಿನ ಗುಂಡಿ ಹಾಕಿ ತಲೆ ಬಾಗಿದ್ರು ನೋಡಿ... ಸುರುವಾಯ್ತು ಕುಣಿತ. ಬೇರೆಯವ್ರಿಗೆ ಕಂಡದ್ದು ಒಬ್ರೇ ಕುಣಿಯುವ ಡೋಲ್ಫಿ. ಯಾರೋ ಡಬ್ಬ ಬಡಿದ್ರು, ನಮ್ಮ ಬಸ್ಸಿನ ಮಲಯಾಳಿಗಳು ಸೀಟಿ ಹಾಕಿದ್ರು, ಅಳ್ತಿದ್ದವ್ರೆಲ್ಲ ನಕ್ಕೊಂಡು ಹಿಂದೆ ಬಂದ್ರು, ಮದುವೆ ದಿಬ್ಬಣದ ಹಾಗೆ ಹೋಗಿ ಗಡಿಯಾಚೆಯ ನಿರಾಶ್ರಿತರ ಟೆಂಟಿಗೆ ಮುಟ್ಟಿದ್ವು. ಅಲ್ಲಿ ನೋಡ್ತೇನೆ, ಡೋಲ್ಫಿಯ ಅಂಗೈಯಲ್ಲಿ ಹಿಮ ಕರಗ್ತಾ ಉಂಟು...”

ನ್ಯಾನ್ಸಿ ಚಪ್ಪಾಳೆ ತಟ್ಟಿದಳು. ಎಲ್ಲರೂ ನಕ್ಕರು. ಅಂಕಲ್ ಮಾತ್ರ ನಾಚಿ ತಲೆ ತಗ್ಗಿಸಿದರು.

“ಒಂದೇ ತಪ್ಪಾಯ್ತು ಇವರಿಂದ. ಡಾನ್ಸ್ ಮುಗಿದ ಮೇಲೆ ಹೆಂಗಸನ್ನು ಅವಳ ಕುರ್ಚಿಗೆ ಮುಟ್ಟಿಸಿ ಬರುದಲ್ವಾ ನಮ್ಮ ಕ್ರಮ? ಇವ್ರು ನೀರು ಕಂಡದ್ದೇ ಕೈಬಿಟ್ಟು ಓಡಿದ್ರು. ಹಾಗಾಗಿ ಆ ಡಾನ್ಸ್ ಮುಗೀಲೇ ಇಲ್ಲ... ಹಾನಾ ಅಜ್ಜಿ ನಮ್ಮೊಟ್ಟಿಗೆ ಮಂಗ್ಳೂರಿಗೂ ಬಂದ್ಳು, ವಾಪಸ್ ಇಲ್ಲಿಗೂ ಬಂದ್ಳು.”

ಆಂಟಿ ಮಾತು ನಿಲ್ಲಿಸಿ, ನ್ಯಾನ್ಸಿಯ ಭುಜದ ಆಚೆಗೆ ನೋಡಿ ಪ್ರೀತಿಯಿಂದ ನಕ್ಕರು.

“ನ್ಯಾನ್ಸಿ, ನೀನು ಬಂದಾಗಿನಿಂದ ಕೂತೇ ಇದ್ದಿಯಲ್ಲ ಮಾರಾಯ್ತಿ... ಪಾಪ, ಕೈ ಚಾಚಿ ಎಷ್ಟು ಹೊತ್ತು ನಿಲ್ಬೇಕು ಅವ್ಳು? ಏಳು.”