ಲೋಳೆ ತೊಳೆಯಲು ಹೋದ ಬೆಳಿಗ್ಗೆ

...ಇಲ್ಲ ಅತ್ತಿಗೆ, ಕೂತ್ಕೊಳ್ಳಿ. ಈಗ ಒಳಗೆ ಬಿಡಲ್ಲ. ನರ್ಸಮ್ಮ ಹೇಳಿದ್ರಲ್ಲ, ಕರೀತೀವಿ ಅಂತ. ಅಣ್ಣ ಉಸಿರಾಡ್ತಿದ್ದಾನೆ... ಮಾಸ್ಕ್ ಹಾಕಿದ್ದಾರೆ, ಅಷ್ಟೆ. ಗಟ್ಟಿ ಜೀವ ಅವನದು! ಏನೂ ಆಗಲ್ಲ.

ಹೇಗಾಯ್ತು ಅಂತ ತಾನೆ? ಹೇಳ್ತೀನಿ, ಹೇಳ್ತೀನಿ... ಊರಿನ ಕೊಳಚೆ ನೀರೆಲ್ಲ ನಾನೂ ಅಣ್ಣನೂ ಕೆಲಸ ಮಾಡೋ ಶುದ್ಧೀಕರಣ ಘಟಕಕ್ಕೆ ಬರುತ್ತಲ್ಲ, ಅದರ ಹೊಲಸು ತಿನ್ನೋದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಆಮೇಲೆ ಆ ನೀರನ್ನ ಸಣ್ಣ ಜರಡಿಯಂಥ ಒಂದು ಪೊರೆ ಸೋಸುತ್ತೆ. ಈ ಜೀವಿಗಳಿಗೆ ಕಷ್ಟ ಬಂತು ಅನ್ನಿ, ಉಪ್ಪೋ ಚಳಿಯೋ ಏನೋ ಒಂದು, ಮೈಯಿಂದ ಲೋಳೆ ಬಿಡ್ತಾವೆ. ಸಕ್ಕರೆ, ಪ್ರೋಟೀನು ಉದ್ದುದ್ದ ಸರಪಳಿಯಾಗಿ ಹೆಣೆದುಕೊಂಡ ಲೋಳೆ. ಅದರೊಳಗೆ ಅವಿತುಕೊಳ್ತಾವೆ... ಯಾಕೆ ಹಾಗೆ ನೋಡ್ತೀರಿ? ವಿಷಯಕ್ಕೇ ಬರ್ತಿದೀನಿ!

ಆ ಲೋಳೆ ಪೊರೆಗೆ ಮೆತ್ತಿ, ಮೂರು ದಿನದಿಂದ ಒತ್ತಡದ ಮುಳ್ಳು ಏರ್ತಾನೇ ಇತ್ತು. ಇವತ್ತು ತೊಳೆಯಲೇಬೇಕು ಅಂದ ಅಣ್ಣ. ಮೊದಲು ಬ್ಲೀಚು, ಲೋಳೆಯ ಸರಪಳಿ ಕಡಿಯೋಕೆ. ಕೊನೆಗೆ ಆಸಿಡ್, ನೀರಿನಿಂದ ಪೊರೆಗೆ ಕಟ್ಟಿದ ಸುಣ್ಣ ಕರಗಿಸೋಕೆ. ನಡುವೆ ಒಂದು ಗಂಟೆ ಬರೀ ನೀರು ಬಿಡಬೇಕು. ಬಿಡದೆ ಎರಡೂ ಸೇರಿದ್ರೆ... ಕ್ಲೋರಿನ್ ಅತ್ತಿಗೆ. ಹಸಿರು ಹಳದಿ ಗಾಳಿ. ಎದೆಯೊಳಗೇ ಸುಡುತ್ತೆ.

ಅಣ್ಣ ಅವಸರ ಮಾಡಿಬಿಟ್ಟ. ಹ್ಞೂಂ, ಅಣ್ಣನೇ... ತಲೆ ಆಡಿಸಬೇಡಿ! ಮನೆ ಬೀಗಾನೇ ಮೂರು ಸಲ ಜಗ್ಗಿ ನೋಡೋನು ಅವನು, ನಿಜ. ಆದ್ರೂ ಮನುಷ್ಯ ತಾನೆ?

...ಸರಿ. ಆಯ್ತು. ಆಸಿಡ್ ಬಿಟ್ಟಿದ್ದು ನಾನು. ಇತ್ತ ಕೊಳಚೆ ಟ್ಯಾಂಕು ಉಕ್ಕೋಕೆ ಬಂದಿತ್ತು, ಅತ್ತ ಮೇಲಿನವರ ಫೋನ್ ಮೇಲೆ ಫೋನು! ಹತ್ತು ನಿಮಿಷ ನೀರು ಬಿಟ್ಟು, ಸಾಕು ಅಂದ್ಕೊಂಡೆ. ಅಣ್ಣ ಕೋಣೆಯ ಆ ತುದೀಲಿ ಬಗ್ಗಿ ಪೊರೆ ನೋಡ್ತಿದ್ದ. ಘಾಟು ಬಂತು... ಇಬ್ಬರೂ ಬಾಗಿಲ ಕಡೆ ಓಡಿದ್ವಿ. ಅವನು ಹಿಂದೆ ಉಳಿದ. ಎರಡೇ ನಿಮಿಷ, ಎಳೆದು ತಂದ್ಬಿಟ್ಟೆ. ಡಾಕ್ಟರಿಗೂ ಅದೇ ಹೇಳಿದೀನಿ. ಅಷ್ಟೇ ಆದ್ರೆ ಸಂಜೆಗೆ ಜನರಲ್ ವಾರ್ಡಿಗೆ ಹಾಕ್ತೀನಿ ಅಂದ್ರು. ಒಳ್ಳೇದೇ ಅಲ್ವಾ?

ಬಯ್ಯಿರಿ ಅತ್ತಿಗೆ, ಎರಡು ಬಾರಿಸಿ. ನಿಮ್ಮ ಕೈತುತ್ತು ತಿಂದು ಬೆಳೆದೋನು ನಾನು. ಕೈ ಯಾಕೆ ಬಿಡಿಸ್ಕೊಂಡ್ರಿ?

ಏನು ನೋಡ್ತಿದೀರಿ? ಅಂಗೈ ಗಾಯಾನಾ? ಅದು... ಬಾಗಿಲ ಚಿಲಕ ತರಚಿದ್ದು. ತೆಗೆಯುವಾಗ.

ಹಾಗೆ ನೋಡಬೇಡಿ. ದಮ್ಮಯ್ಯ ಅಂತೀನಿ.

...ತೆಗೆಯುವಾಗ ಅಲ್ಲ. ಹಿಡ್ಕೊಂಡಿದ್ದೆ. ಹೊಗೆ ನನ್ನ ಹಿಂದೇನೇ ಬರ್ತಿತ್ತು ಅತ್ತಿಗೆ! ಹೊರಗೆ ಬಿದ್ದವನೇ ಬಾಗಿಲು ಎಳೆದು ಚಿಲಕ ಹಾಕಿದೆ, ಎರಡೂ ಕೈಲಿ ಅದನ್ನ ಅದುಮಿ ಹಿಡ್ಕೊಂಡು ನಿಂತೆ. ಒಳಗಿಂದ ಅಣ್ಣ ಬಡಿದ. "ಪುಟ್ಟಾ, ತೆಗಿಯೋ" ಅಂದ. ನನ್ನ ಕೈ ಏಳಲಿಲ್ಲ... ಬಡಿಯೋದು ನಿಂತ ಮೇಲೇ ನಾನು ತೆಗೆದದ್ದು.

ಹೋಗಿ, ಡಾಕ್ಟರಿಗೆ ಹೇಳಿ. ಎರಡಲ್ಲ, ಹತ್ತು ನಿಮಿಷ ಆ ಗಾಳೀಲಿದ್ದ ಅಂತ ಹೇಳಿ... ನಿಂತೇ ಇದ್ದೀರಲ್ಲ! ಓಡಿ ಅತ್ತಿಗೆ!