ಸೂಗಪ್ಪನ ಆಣಿ

ಅಲ್ಲಬೇ ಸುಮಂಗಲಾ, ಮೊದಲೇ ಹೇಳಿದ್ರ ನಾ ಬ್ಯಾಡಂತಿದ್ನೇನು? ನಿನ್ನ ಅತ್ತಿ ಅದೀನಿ, ಪೊಲೀಸಲ್ಲ. ಗುರುವಾರ ಬಂತಂದ್ರ ಮಾನ್ವಿ ಸಾಲಿಯಿಂದ ಬಂದಾಕೀನ ಫೋನ್ ಹಿಡಕೊಂಡು ಮಾಳಗಿ ಹತ್ತತಿ, ಮುಕ್ಕಾಲು ತಾಸು ಇಳ್ಯಂಗಿಲ್ಲ. ತವರುಮನಿಗೆ ನನ್ನ ಚಾಡಿ ಹೇಳಾಕತ್ತಾಳ ಅಂತ ತಿಳಕೊಂಡಿದ್ದೆ... ನಗಬ್ಯಾಡ, ಖರೇನ ಹಂಗ ತಿಳಕೊಂಡಿದ್ದೆ.

ಹೂಂ, ಕೌನ್ಸೆಲಿಂಗ್. ಆನ್‌ಲೈನ್‌ದಾಗ. ಸೀರಿ ಬರ್ತಿದ್ವು, ಈಗ ಸಮಾಧಾನನೂ ಫೋನಿನಾಗ ಬರ್ತದ. ಇರ್ಲಿ. ಆ ಕೌನ್ಸೆಲಿಂಗ್ ಮಾಡಾಕಿ ಯಾರು, ಏನು ಓದ್ಯಾಳ, ವಿಚಾರಿಸೀಯಿಲ್ಲೋ? ಏನು... ನೋಂದಣಿ ನಂಬರ್ ಕೇಳಿದಿ? ಅಯ್ಯ, ಆಕಿ ಏನ್ ಟ್ರಾಕ್ಟರೇನಬೇ! ಅಂದ್ರ, ಆ ನಂಬರ್ ಹಾಕಿ ನೋಡಿದ್ರ ಆಕಿ ಹೆಸರು ಬರ್ತದ? ಹಂಗೂ ಇರ್ತದೇನು...

ಮತ್ತ ನೀ ಹೇಳಿದ್ದು ನಾಳೆ ಹೊರಗ ಬಿದ್ರ? ಯಾರಿಗೂ ಹೇಳಂಗಿಲ್ಲಂತ ಬರದು ಕೊಟ್ಟಾಳ? ಬರದು ಕೊಟ್ರ ಆತೇನು, ಆಣಿ ಮಾಡಸಬೇಕಿತ್ತು. ನಮ್ಮ ದೇವ್ರು, ದೇವಸುಗೂರು ಸೂಗಪ್ಪನ ಆಣಿ. ನಮ್ಮ ಕಡಿ ಆ ಆಣಿ ಮಾಡಿ ಸುಳ್ಳು ಹೇಳಿದವರು ಯಾರದಾರ? ಯಾಕ, ಅದಕ್ಕೂ ನಗತಿ?

ನೀ ಹುಷಾರಿರು ಅಷ್ಟ. ಮೊದಲ ದಿನ ಭಾಳ ಮೆತ್ತಗ ಮಾತಾಡ್ತಾರ. ‘ಅಳ್ರೆಮ್ಮಾ, ಹಗುರಾಗ್ತೀರಿ’ ಅಂತಾರ. ಆಮ್ಯಾಲ ‘ಈ ಆಪ್ ಬ್ಯಾಡ, ನನ್ನ ಸ್ವಂತ ನಂಬರಿಗೆ ಮಾಡ್ರಿ’ ಅಂತಾರ. ಆಮ್ಯಾಲ ನಾವು ಹೇಳಿದ್ದನ್ನ ನಮ್ಮ ದನಿಯಾಗನ ನಮಗ ತಿರುಗಿ ಕೇಳಸ್ತಾರ. ‘ನಿಮ್ಮ ಸೊಸಿಗೆ ಕಳಸ್ಲೇನ್ರಿ’ ಅಂತಾರ...

ಯಾಕ ಎದುರಿಗೆ ಬಂದು ಕುಂತಿ?

ಹಂಗ ನೋಡಬ್ಯಾಡ. ಮಂದಿ ಹೇಳ್ತಾರಪಾ. ಮಗ್ಗಲಮನಿ ವೆಂಕಮ್ಮ ಹೇಳಿದ್ಲು. ಹೌದು... ವೆಂಕಮ್ಮನ ಹತ್ರ ಫೋನಿಲ್ಲ. ಸೊಸಿನೂ ಇಲ್ಲ.

ತಡಿ, ಹೇಳ್ತೀನಿ.

ನಿಮ್ಮ ಮಾವ ಹೋದಮ್ಯಾಲ ಮನಿ ತುಂಬ ಮಂದಿದ್ರೂ ಬಿಕೋ ಅಂತಿತ್ತು. ನಿನ್ನ ಮುಂದ ಹೇಳಾಕ ನಾಚಿಕಿ. ಫೋನಿನಾಗ ಒಬ್ಬ ಕೌನ್ಸೆಲರ್ ಅಂತ ಸಿಕ್ಕ, ಎಲ್ಲಾ ಅವನ ಮುಂದ ಹೇಳಿದೆ. ನಿನ್ನ ಮ್ಯಾಲೂ ಏನೇನೋ ಅಂದೀನಿ. ಕೆಟ್ಟದ್ದ ಅಂದೀನಿ. ಅವನ ಕಡಿ ನಂಬರ್ ಗಿಂಬರ್ ಏನೂ ಕೇಳಲಿಲ್ಲ, ಸೂಗಪ್ಪನ ಆಣಿ ಮಾಡಂದೆ. ಒಂದ ಉಸಿರಿನಾಗ ಮಾಡಿದ. ಸೂಗಪ್ಪ ಅಂದ್ರ ಯಾರು ಅಂತ ಸೈತ ಕೇಳಲಿಲ್ಲ ನೋಡು. ಆವಾಗರ ನನಗ ತಿಳೀಬೇಕಿತ್ತು.

ಎಲ್ಲಿಗೆ ಎದ್ದಿ? ನನ್ನ ಫೋನ್ ಯಾಕ... ತಗೋ. ಪೊಲೀಸರಿಗೆ ತೋರಸೂದಿದ್ರ ತೋರಸು, ನೀ ಮಾತ್ರ ಅದರಾಗಿನ ನನ್ನ ಮಾತು ಕೇಳಬ್ಯಾಡ.

ಕೈ ಯಾಕ ಹಿಡದಿ? ಬಿಡು... ಇಲ್ಲ, ಇರ್ಲಿ, ಹಿಡಕೋ.

ಸುಮಂಗಲಾ, ನಿನ್ನ ಆ ಟ್ರಾಕ್ಟರಿನಾಕಿ ಮುದುಕೇರ ಮಾತೂ ಕೇಳ್ತಾಳೇನು? ಕೇಳಿ ನೋಡು. ಆಣಿಗೀಣಿ ಏನೂ ಬ್ಯಾಡಂತ ಹೇಳು.