ಕುಬಸಕ್ಕ ತಂದ ಒಣಖಂಡ

…ಮುಚ್ಚವ್ವ, ಮುಚ್ಚು ಆ ಗಡಗಿ! ಥೂ ಥೂ… ಏನ್ ನಾತ ಇದು! ಕೋಳಿ ಸಾರು ಅಂತೀ? ಮನಿಷಾ, ಇದು ಕೋಳಿ ಅಲ್ಲವ್ವ, ಕಾಲು ಮೂಡಿದ ಹತ್ತಿ ಗಾದಿ! ನಾನು ನಿಮ್ಮವ್ವನ ಖಾಸ ತಮ್ಮ, ನಿನ್ನ ಸೋದರಮಾವ ಮಾಣಿಕಪ್ಪ. ಮನೂರಿನಿಂದ ಶೇರ್ ಆಟೋದಾಗ ಅರ್ಧ ಮೈ ಒಳಗ, ಅರ್ಧ ಮೈ ಹೊರಗ ಇಟ್ಕೊಂಡು ನಾರಾಯಣಖೇಡಕ್ಕ ಬಂದು ಇನ್ನಾ ಕಾಲು ಸೈತ ತೊಳಕೊಂಡಿಲ್ಲ, ನೀ ನನಗ ಬಾಯ್ಲರ್ ಕೋಳಿ ತೋರಸ್ತಿ! ಅದೂ ಇವತ್ತ, ನಿನ್ನ ಕುಬಸದ ದಿನ!

ಯಾಕ ನಗ್ತಿ? ಮಾಣಿಕಪ್ಪ ಅಂದ್ರ ಸಣ್ಣ ಮನಷ್ಯಾ ಅಲ್ಲ. ಕಂಗ್ಟಿಯಿಂದ ಸಿರ್ಗಾಪುರ ತನಕ ನಾಯಿಗಳು ಬೊಗಳೋದು ಬಿಟ್ಟು ನನಗ ನಮಸ್ಕಾರ ಮಾಡ್ತಾವ. ನಮ್ಮದೊಂದು ಟಗರು ಇತ್ತಲ್ಲ, ಕೆಂಪಂದು, ಅದು ಒಮ್ಮಿ ಬಸ್ಸಿಗೆ ಢೀ ಕೊಟ್ಟಿತ್ತು. ಟಗರಿಗೇನೂ ಆಗಲಿಲ್ಲ, ಬಸ್ಸು ವಾಪಸ್ ಬೀದರಕ್ಕ ಹೋತು. ನಗು, ನಗು. ಡ್ರೈವರನ್ನ ಕೇಳು ಹೋಗು, ಅವ ಇನ್ನಾ ಬದುಕ್ಯಾನ.

ಜರಾ ಸರಿ, ಇಲ್ಲೇ ನೆಲದ ಮ್ಯಾಲ ಕೂಡ್ತೀನಿ. ತಾಂಡೂರ ಕಲ್ಲು ತಣ್ಣಗದ. ನೀನೂ ಕೂಡು, ನಿಂದ್ರಬ್ಯಾಡ. ಕಾಲು ನೋಡು, ಹ್ಯಾಂಗ ಬಾತಾವ… ನಿಮ್ಮತ್ತಿ ಭೀಮವ್ವ ಎಲ್ಲಿ? ಓಣ್ಯಾಗ ಹೆಂಗಸರನ್ನ ಕರೆಯಾಕ ಹೋಗ್ಯಾಳ? ಛಲೋ ಆತು. ಅವರು ಬರೋದ್ರಾಗ ಆ ಗಡಗಿ ಹಿತ್ತಲಕ್ಕ ಹೋಗಬೇಕು, ನನ್ನ ಗಂಟು ತಾಟಿಗೆ ಬರಬೇಕು. ಮೌನೇಶಗ ನಾ ಹೇಳ್ಕೋತೀನಿ. ಹೆಂಡತಿಗೆ ಕೋಳಿ ತಂದು ಕೊಟ್ಟು ಕೆಲಸಕ್ಕ ಹೋದ್ರ ಗಂಡಸ್ತನ ಮುಗೀತೇನು?

ನಿನಗ ಗೊತ್ತದಲ್ಲ ನಮ್ಮ ಪದ್ಧತಿ. ಹೆಣ್ಣು ಕೂಸು ಹುಟ್ಟಿದ್ರ ಸೋದರಮಾವ ತನ್ನ ಕುರಿ ದಡ್ಡ್ಯಾಗಿನ ಒಂದು ಹೆಣ್ಣು ಮರಿ ಹಿಡದು, ಅದರ ಕಿವಿ ಸೀಳಿ, ಆ ಕೂಸಿನ ಹೆಸರಿಗೆ ಬಿಡಬೇಕು. ಆ ಕೂಸು ದೊಡ್ಡಾಕಿ ಆಗಿ, ಬಸರಾಗಿ, ಕುಬಸದ ದಿನ ತಾಟಿಗೆ ಕುಂತಾಗ ಮೊದಲನೇ ತುತ್ತು ಆ ಕುರಿ ವಂಶದ್ದೇ ಇರಬೇಕು. ಸಂತ್ಯಾಗ ಕೊಂಡದ್ದು ನಡೆಯಂಗಿಲ್ಲ. ಮಾವ ತನ್ನ ಕೈಯಾರೆ ಸಾಕಿದ್ದೇ ಆಗಬೇಕು! ನಿನ್ನ ಮರಿ ಕಿವಿ ಸೀಳಿದಾಂವ ನಾನು. ಇವತ್ತ ಬರಿಗೈಲೆ ಬಂದ್ರ ನಿನ್ನ ಅತ್ತಿ ಮನಿಯವರ ಮುಂದ ನನ್ನ ಮೀಸಿ ಏನಾಗಬೇಕು?

ಅದಕ್ಕೇ ತಂದೀನಿ. ಒಣಖಂಡ! ಉಪ್ಪು, ಅರಿಶಿಣ ಸವರಿ, ಹಗ್ಗಕ್ಕ ಪೋಣಿಸಿ, ಬಿಸಲಿಗೆ ಬಿಟ್ಟದ್ದು. ಇದರ ತಾಕತ್ ಏನಂತ ತಿಳದಿ? ನಮ್ಮ ಮುತ್ಯಾ ಇದರದು ಒಂದು ಚೂರು ದವಡ್ಯಾಗ ಇಟ್ಕೊಂಡು ಜಹೀರಾಬಾದಿಗೆ ನಡಕೊಂಡು ಹೋಗಿ, ಮದುವಿ ಮಾಡ್ಕೊಂಡು, ಹೇಣ್ತಿ ಕರಕೊಂಡು ವಾಪಸ್ ಬಂದ. ಚೂರು ಇನ್ನಾ ಕರಗಿದ್ದಿಲ್ಲ. ಒಮ್ಮಿ ಒಂದು ತುಂಡು ಬಾವ್ಯಾಗ ಬಿತ್ತು; ಆ ವರ್ಷ ಆ ಬಾವಿ ನೀರು ಕುಡದ ಮುದುಕರೆಲ್ಲಾ ಕುಸ್ತಿಗೆ ಇಳದ್ರು!

ಏನದು, ಫೋನ್ ಯಾಕ ತೋರಸ್ತಿ? ನನ್ನ ಕನ್ನಡಕ ಮನ್ಯಾಗ ಅದ. ನೀನೇ ಓದು… ಹಾಂ, ಡಾಕ್ಟರಮ್ಮ ಶಿರೀಷಾ ಕಳಿಸಿದ್ದು. ರಕ್ತ ಕಮ್ಮಿ ಅದ, ಬಿ.ಪಿ. ಏರ್‍ಯದ… ಗೊತ್ತದ, ನಿಮ್ಮವ್ವ ಫೋನಿನಾಗ ಅಳಕೋತ ಹೇಳ್ಯಾಳ. ಮುಂದ? ಪ್ರೋಟೀನು ಬೇಕು. ಬರಾಬರ್! ಕಬ್ಬಿಣ ಬೇಕು. ನೋಡು, ಕಬ್ಬಿಣ! ಕಬ್ಬಿಣ ಯಾವದರಾಗ ಇರ್ತದ? ಕೆಂಪಗಿದ್ದದರಾಗ. ಕುರಿ ಖಂಡ ಕೆಂಪು. ನಿನ್ನ ಕೋಳಿ ತೆಗದು ನೋಡು, ಸತ್ತವರ ಮಾರಿ ಹಂಗ ಬೆಳ್ಳಗದ. ಡಾಕ್ಟರಮ್ಮನೂ ಅದನ್ನೇ ಬರದಾಳಿಲ್ಲೋ? ಕುರಿಯಾಗ ಕಬ್ಬಿಣ ಕೋಳಿಗಿಂತ ಜಾಸ್ತಿ ಅಂತ? ಬರದಾಳ! ಮತ್ತ! ಆಕಿ ಓದಿದಾಕಿ, ನಾ ಕುರಿ ಕಾದಾಂವ, ಇಬ್ಬರೂ ಒಂದೇ ಮಾತಿಗೆ ಬಂದೀವಿ ನೋಡು.

ಪ್ರೋಟೀನೂ ಒಣಖಂಡದಾಗೇ ಜಾಸ್ತಿ? ಆಹಾ! ಹಂಗ ಹೇಳು!… ಏನಂತಿ? ನೀರು ಆರಿ ತೂಕ ಇಳದಿರ್ತದ, ಅದಕ್ಕ ಲೆಕ್ಕದಾಗ ಜಾಸ್ತಿ ಕಾಣಸ್ತದ? ಮುಷ್ಟಿ ಒಣಖಂಡ ಯಾರೂ ಒಮ್ಮೆಲೇ ತಿನ್ನಂಗಿಲ್ಲ, ಕೋಳಿ ಆದ್ರ ತಾಟು ತುಂಬ ತಿಂತಾರ? ಅದೇನ್ ಮಾತವ್ವ! ನೀರು ಹೋದ ಮ್ಯಾಲ ಉಳದದ್ದೇ ಅಸಲು. ನಿನ್ನ ಕೋಳಿ ಅಂತೂ ಪೂರಾ ನೀರು. ಹಿಂಡಿದ್ರ ಎಮ್ಮಿ ಮೈ ತೊಳೀಬಹುದು.

ಮತ್ತ ಏನು? …ಉಪ್ಪು.

ಹೂಂ. ಉಪ್ಪು ಅದ. ಉಪ್ಪಿಲ್ಲದ ಒಣಖಂಡ ಹುಳಕ್ಕ ಊಟ ಆಗ್ತದ, ಮನಷ್ಯಾರಿಗಲ್ಲ. ಬಿ.ಪಿ. ಇದ್ದವರಿಗೆ ಉಪ್ಪು ವಿಷ ಅಂತ ಡಾಕ್ಟರಮ್ಮ ಅಂದಾಳಂದ್ರ… ಕಾಲು ತೋರಸಬ್ಯಾಡ, ನೋಡೀನಿ. ಬೆರಳು ಒತ್ತಿದ್ರ ಕುಣಿ ಬೀಳ್ತದ, ಅದೂ ನೋಡೀನಿ. ನೀರಾಗ ನೆನಸಿ, ಆ ನೀರು ಚೆಲ್ಲಿ, ಮತ್ತ ನೆನಸಿದ್ರ ಉಪ್ಪು ಹೋಗ್ತದ. ಪೂರಾ ಹೋಗಂಗಿಲ್ಲಾ? ಸ್ವಲ್ಪ ಉಳೀತದ. ಸ್ವಲ್ಪ ಉಪ್ಪಿಗೆ ಹೆದರಿದ್ರ ಕುರುಬರ ಹೊಟ್ಟ್ಯಾಗ ಯಾಕ ಹುಟ್ಟಿದಿ?

ಮಾರಿ ಸಣ್ಣದು ಮಾಡಬ್ಯಾಡ. ಒಂದೇ ತುತ್ತು ಅಂತ ಹೇಳಾಕತ್ತೀನಿ, ಗಡಗಿ ತುಂಬ ತಿನ್ನಂತಲ್ಲ.

ಆದ್ರ ಆ ಕೋಳಿ ಮಾತ್ರ… ಥೂ! ಬ್ಯಾಡ. ಮುಟ್ಟಬ್ಯಾಡ. ಅದು ಹ್ಯಾಂಗ ಬೆಳೀತದ ಗೊತ್ತದೇನು ನಿನಗ? ಕೇಳಿದ್ರ ಇವತ್ತಲ್ಲ, ಬಾಳ ಪೂರ್ತಿ ತಿನ್ನಂಗಿಲ್ಲ. ನಮ್ಮ ಹಣಮಯ್ಯ ಇದ್ದಾನಲ್ಲ, ಬಡಿಗ್ಯಾರ ಹಣಮಯ್ಯ, ಅವ ಜಹೀರಾಬಾದ ದಾರಿ ಮ್ಯಾಲಿನ ಒಂದು ಕೋಳಿ ಶೆಡ್ಡಿನಾಗ ಕೆಲಸಕ್ಕ ಅದಾನ. ಅವ ಹೇಳಿದ್ದು. ಶೆಡ್ಡಿನ ಬಾಗಲಾ ತೆರದ್ರ ಸಾಕು, ನಾತ ಬಂದು ಕಪಾಳಕ್ಕ ಬಡೀತದ. ಕಣ್ಣು ಉರೀತಾವ, ನೀರು ಸುರೀತದ. ಉಂಡ ಅನ್ನ, ಕುಡದ ಚಾ, ಎಲ್ಲಾಕ್ಕೂ ಅದೇ ವಾಸನಿ. ನೆಲಕ್ಕ ಹಾಸಿದ ಭತ್ತದ ಹೊಟ್ಟಿನ ಮ್ಯಾಲ ಅವು ಹೇಲೋದು, ಅದರ ಮ್ಯಾಲೇ ಕೂಡೋದು, ಅದರ ಮ್ಯಾಲೇ ಮಲಗೋದು. ಎದಿ ಪುಕ್ಕ ಉದುರಿ, ಚರ್ಮ ಕೆಂಪಾಗಿ, ಗುಳ್ಳಿ ಎದ್ದಿರ್ತಾವ. ಕಾಲಿಗೆ ಎದಿ ಭಾರ ತಾಳಂಗಿಲ್ಲವ್ವ. ಹೆಜ್ಜಿ ಇಡಾಕ ಹೋಗಿ ಮಾರಿ ಮ್ಯಾಲ ಬೀಳ್ತಾವ. ಸೀನಿದ್ರ ಎದಿ ಒಡದು ಸಾಯ್ತಾವ. ಒಮ್ಮಿ ಒಂದು ಗುಬ್ಬಿ ಒಳಗ ಬಂದಿತ್ತು. ಹುಲಿ ಬಂತು ಅಂತ ತಿಳದು ಅರ್ಧ ಶೆಡ್ಡು ಮೂರ್ಛಿ ಹೋತು!

ನಗಲಿಲ್ಲಾ? ಗುಬ್ಬಿದು ಸುಳ್ಳು. ಉಳದದ್ದು ಖರೇ.

ಮುಂಜಾನಿ ಎದ್ದು ಮೊದಲನೇ ಕೆಲಸ ಸತ್ತವನ್ನ ಆರಸೋದು. ಮೆತ್ತಗಿರ್ತಾವ, ಒದ್ದಿ ಅರಬಿ ಹಂಗ. ಕಾಲು ಹಿಡದು ಎತ್ತಿದ್ರ ಬಾಯಿಂದ ಏನೋ ಸೋರ್ತದ… ಥೂ! ಆ ಸೋರಿದ್ದು ಕಾಲ ಮ್ಯಾಲ ಬೀಳ್ತದ. ಎಷ್ಟು ತೊಳದ್ರೂ ಹೋಗಂಗಿಲ್ಲ. ಹಣಮಯ್ಯನ ಕಾಲಿಗೆ, ಹೇಳಾಕತ್ತೀನಿ.

ಕರೆಂಟು ಹೋದ್ರಂತೂ ಕೇಳಬ್ಯಾಡ. ಕತ್ತಲಿ ಆದ್ರ ಹೆದರಿ ಎಲ್ಲಾ ಒಂದೇ ಮೂಲಿಗೆ ನುಗ್ತಾವ. ಒಂದರ ಮ್ಯಾಲ ಒಂದು, ಒಂದರ ಮ್ಯಾಲ ಒಂದು, ಗುಡ್ಡ ಆಗಿ ಬೀಳ್ತಾವ. ಕೆಳಗ ಸಿಕ್ಕವು ಉಸರುಗಟ್ಟಿ ಅಲ್ಲೇ. ಓಡಿ ಹೋಗಬೇಕು, ಕೈ ಹಾಕಿ ಎಳೀಬೇಕು. ಬೈದ್ರ ಇನ್ನಾ ಹೆದರ್ತಾವ. ಮಾತಾಡಸಬೇಕು. ಸಣ್ಣ ದನಿಲೆ, ‘ಹುರ್‍ರ್… ಬಾ ಬಾ ಬಾ… ಹುರ್‍ರೋ ನನ ಕರಿಯಾ… ಹುರ್‍ರ್…’ ಅಂತ ಕರಕೋತ ಆ ಕಡಿಯಿಂದ ಈ ಕಡಿಗೆ ನಡೀಬೇಕು. ಆಗ ಒಂದೊಂದೇ, ಒಂದೊಂದೇ ಹಿಂದ ಬರ್ತಾವ. ದೇವರಾಣಿ, ಬರ್ತಾವ! ಕೋಳಿ ಅಂತ ಮರ್‍ತು, ಕುರಿ ಹಂಗ ಹಿಂದ ಬರ್ತಾವವ್ವ…

ಯಾಕ? ಯಾಕ ಹಂಗ ನೋಡಾಕತ್ತೀ?

ಏನಂದೆ ನಾ? ಹಣಮಯ್ಯ ಹಂಗ ಕರೀತಾನ ಅಂದೆ. ಹಂಗೇ ಕರೀತಾನ.

…ಅವ ಬಡಿಗ್ಯಾರಾಂವ, ಖರೇ. ಅವಗ ಕುರಿ ಕರಿಯೋ ಹುಯಿಲು ಹ್ಯಾಂಗ ಬರ್ತದ ಅಂತೀ? ನಾನೇ ಕಲಿಸೀನಿ. ಒಂದಿನ ಚಾದ ಹೋಟೆಲಿನಾಗ ಕುಂತು ಕಲಿಸಿದೆ. ಯಾಕ, ಕಲಿಸಬಾರದೇನು? ‘ನನ ಕರಿಯಾ’ ಅನ್ನೋದೂ ಕಲಿಸೀನಿ. ಹೂಂ, ಅದು ನಿನ್ನನ್ನ ಹೆಗಲ ಮ್ಯಾಲ ಹೊತ್ತು ದಡ್ಡಿ ಸುತ್ತುವಾಗ ನಾ ಅಂತಿದ್ದ ಮಾತು… ನೆನಪದೇನು ನಿನಗ? ಇಷ್ಟೀಟಿದ್ದಿ ಆಗ.

ಏನ್ ಕೇಳಿದಿ ಈಗ?

ಕುರಿ? ಕುರಿ ಆರಾಮ್ ಅದಾವ. ನಿನ್ನ ಕುರಿ ಮೊಮ್ಮಕ್ಕಳು ಈಗ ದಡ್ಡಿ ತುಂಬ… ಮೇಯಾಕ ಹೋಗ್ಯಾವ. ಯಾರು ಕಾಯ್ತಾರ? ಅವೇ ಮೇಯ್ತಾವ. ಅಷ್ಟು ಶಾಣ್ಯಾ ಅದಾವ ಅವು. ಟಗರು ಮುಂದ, ಉಳದವು ಹಿಂದ, ರಸ್ತಾ ದಾಟುವಾಗ ಎಡಕ್ಕ ಬಲಕ್ಕ ನೋಡಿ…

ನಗಲಿಲ್ಲ ನೀನು.

ಕೈ ನೋಡಬ್ಯಾಡ ನನ್ನದು. ಅದು ಹೊಟ್ಟಿನ ಧೂಳಿಗೆ ಒಡದದ್ದಲ್ಲ, ಚಳಿಗೆ. ಚಳಿಗಾಲ ಅಲ್ಲ, ಖರೇ…

ಎಲ್ಲಿಗೆ ಎದ್ದಿ? ಮನಿಷಾ? ಗಂಟು ಯಾಕ ಬಿಚ್ಚಾಕತ್ತಿ? ಈಗ ಬ್ಯಾಡವ್ವ, ಹೆಂಗಸರು ಬರಲಿ. ನಾನೇ ಬಿಚ್ತೀನಿ. ಮಾವನೇ ಬಿಚ್ಚಬೇಕು ಅದನ್ನ.

ಒಲಿ ಯಾಕ ಹಚ್ಚಿದಿ?

ಉಪ್ಪದ ಅಂದಿದ್ದಿ! ಈಗ ತಾನೇ ಅಂದಿ, ವಿಷ ಅಂತ. ಮತ್ತ ಅದನ್ನ ಕೈಯಾಗ ಹಿಡದು… ಸುಡಾಕತ್ತಿ? ನನ್ನ ಸಲುವಾಗಿ? ಮಾಮಾನ ಮನಸು ನೋಯಬಾರದು ಅಂತ? ಅಯ್ಯ ಹುಚ್ಚಿ, ನಾ ಚಾಷ್ಟಿ ಮಾಡ್ತಿದ್ದೆ. ಚಾಷ್ಟಿ! ನನ್ನ ಮಾತು ಯಾರಾದರೂ ಖರೇ ಅಂತ ತಗೋತಾರೇನು? ಟಗರು ಬಸ್ಸಿಗೆ ಢೀ ಕೊಟ್ಟಿತು ಅಂದ ಮಾವ ನಾನು. ಇಡು ಕೆಳಗ.

ವಾಸನಿ ಬಂತೇನು? ನನಗ ಬಂತು. ಬೆಂಕಿ ತಾಗಿದ ಮ್ಯಾಲ ಬಂತು ನೋಡು… ಥೂ. ಕೋಳಿ ಶೆಡ್ಡಿನಾಗೂ ಇಂಥಾ ನಾತ ಇಲ್ಲವ್ವ. ಒಳಗ ಹಸರು ಬಿಟ್ಟದ. ಬಿಸಲಿಗೆ ಹಾಕಿದ್ದೆ, ಆದ್ರ ಬಿಸಲೆಲ್ಲಿತ್ತು ಆಗ? ಮಳಿ ಹೊಡ್ಯಾಕತ್ತಿತ್ತು. ಮಳ್ಯಾಗೇ ಅಲ್ಲೇನು ಕುರಿಗಳಿಗೆ ಆ ಬ್ಯಾನಿ ಬರೋದು…

ಬಾಯಿಗೆ ಹಚ್ಚಬ್ಯಾಡ! ಮನಿಷಾ! ನನ್ನ ಆಣಿ ಅದ ನಿನಗ! ಹಚ್ಚಬ್ಯಾಡ ಬಾಯಿಗೆ!

…ಕೊಡು ಇಲ್ಲಿ. ಕೊಡವ್ವ. ಹಾಂ.

ನಾಲಿಗಿ ನೀಲಿ ಆಗಿ ಬಾತಿತ್ತು ಅದರದು. ನಿನ್ನದರದು. ನಿನ್ನ ಕುರಿ ವಂಶದ್ದು ಅದೊಂದೇ ಉಳದಿತ್ತು, ತನ್ನವ್ವನ ಹಂಗೇ ಎಡಗಿವಿ ಸೀಳಿ ಬಿಟ್ಟದ್ದು. ಉಳದವೆಲ್ಲಾ ಅದಕ್ಕಿಂತ ಮೊದಲೇ ಹೋಗಿದ್ದವು. ಪಶು ಡಾಕ್ಟರ ಬಂದು, ಆಳ ಕುಣಿ ತೋಡಿ ಹುಗಿ ಮಾಣಿಕಪ್ಪ, ಚರ್ಮ ಸೈತ ಸುಲೀಬ್ಯಾಡ ಅಂದ. ಎಲ್ಲಾ ಹುಗದೆ. ಇದನ್ನ ಹುಗ್ಯಾಕ ಕೈ ಬರಲಿಲ್ಲ. ಇದನ್ನೂ ಮಣ್ಣಿಗೆ ಹಾಕಿದ್ರ ಕುಬಸದ ದಿನ ನಿನ್ನ ತಾಟಿಗೆ ಏನು ಹಾಕಲಿ? ಅದಕ್ಕ ಉಪ್ಪು ಹಾಕಿದೆ. ಉಪ್ಪು ಹಾಕಿದ್ರ ಎಲ್ಲಾ ಉಳೀತದ ಅಂತ… ಹೂಂ. ಮುಷ್ಟಿ ಮುಷ್ಟಿ ಹಾಕಿದೆ.

ಅಳಬ್ಯಾಡ, ಬಿ.ಪಿ. ಏರ್ತದ. ಏನಾರ ಅನ್ನು. ಬೈ. ಮೂಗು ಮುಚ್ಕೊ ಬೇಕಾದ್ರ, ನನ್ನ ಮೈ ವಾಸನಿಗೆ. ಆಟೋದಾಗ ಬಾಜು ಕುಂತಾಕಿ ಸೆರಗು ಮೂಗಿಗೆ ಇಟ್ಕೊಂಡೇ ಬಂದ್ಳು.

ಹೆಂಗಸರ ದನಿ ಕೇಳಾಕತ್ತದ. ಇದನ್ನ ಹಿತ್ತಲದಾಗ ಹುಗದು ಬರ್ತೀನಿ, ಕುಣಿ ತೋಡಾಕ ಸನಿಕಿ ಎಲ್ಲದ? ನೀ ಬರಬ್ಯಾಡ, ಕೈ ತೊಳಕೋ. ಸಾಬೂನು ಹಚ್ಚಿ ತೊಳಕೋ. ಆಮ್ಯಾಲ ಆ ಕೋಳಿ ಬಡಿಸ್ಕೊ. ಎದಿ ತುಂಡು ಹಾಕ್ಕೋ, ಅದರಾಗ ಪ್ರೋಟೀನು ಜಾಸ್ತಿ. ರಕ್ತಕ್ಕ ಡಾಕ್ಟರಮ್ಮ ಗುಳಿಗಿ ಕೊಟ್ಟಾಳಲ್ಲ, ಅದನ್ನ ತಪ್ಪಿಸಬ್ಯಾಡ.

ಮೊದಲನೇ ತುತ್ತು ಯಾರದು ಅಂತ ಹೆಂಗಸರು ಕೇಳಿದ್ರ, ನಮ್ಮ ಮಾಮಾ ತಂದದ್ದು ಅನ್ನಬ್ಯಾಡ, ಅದು ಸುಳ್ಳಾಗ್ತದ. ನಮ್ಮ ಮಾಮಾ ಸಾಕಿದ್ದು ಅನ್ನು. ಈ ಖೇಡಕ್ಕ ಕೋಳಿ ಲಾರಿ ನಮ್ಮ ಶೆಡ್ಡಿಂದಲೇ ಬರ್ತದವ್ವ.